ಸತ್ಯಾಂಶ: ಬೆದರಿಸಿ ಮಾಡಿಸಿದ್ರೆ ಕೇಸೇ ಇಲ್ವಾ?

"ಯಾರಾದರೂ ಹೆದರಿಸಿ ನಿಮ್ಮಿಂದ ತಪ್ಪು ಮಾಡಿಸಿದರೆ ಕಾನೂನು ನಿಮ್ಮನ್ನು ಮುಟ್ಟಲ್ಲ" ಅನ್ನುವ ವಾಟ್ಸಾಪ್ ಫಾರ್ವರ್ಡ್ ಆಗಾಗ ಬರುತ್ತದೆ. ಇದು ಅರ್ಧ ನಿಜ ಅಷ್ಟೇ.

ಭಾರತೀಯ ನ್ಯಾಯ ಸಂಹಿತೆಯ 32ನೇ ಸೆಕ್ಷನ್ ಹೀಗೆ ಒಂದು ರಕ್ಷಣೆ ಕೊಡುತ್ತದೆ. 2024ರ ಜುಲೈ 1ಕ್ಕೆ ಮೊದಲು ಇದು ಐಪಿಸಿ 94ರಲ್ಲಿತ್ತು. ಆದರೆ ಷರತ್ತು ಬಿಗಿ. ಹೇಳಿದ್ದು ಮಾಡದಿದ್ದರೆ ಆ ಕ್ಷಣವೇ ನಿಮ್ಮ ಪ್ರಾಣ ಹೋಗುತ್ತದೆ ಎಂಬ ಭಯಕ್ಕೆ ಸರಿಯಾದ ಕಾರಣ ಇರಬೇಕು. "ಕೈಕಾಲು ಮುರೀತೀನಿ", "ಕೆಲಸದಿಂದ ತೆಗೀತೀನಿ" ಅಂದಿದ್ದು ಸಾಲದು. ಮೇಲಧಿಕಾರಿ ಜೋರು ಮಾಡಿದ ಅಂತ ಸುಳ್ಳು ಬಿಲ್‌ಗೆ ಸಹಿ ಹಾಕಿದವರಿಗೆ ಈ ಸೆಕ್ಷನ್ ನೆರವಾಗಲ್ಲ.

ಕಾನೂನೇ ಒಂದು ಉದಾಹರಣೆ ಕೊಟ್ಟಿದೆ. ಡಕಾಯಿತರು ಒಬ್ಬ ಕಮ್ಮಾರನನ್ನು ಹಿಡಿದು, ಈಗಲೇ ಕೊಲ್ತೀವಿ ಅಂತ ಹೆದರಿಸಿ, ಅವನ ಸಲಕರಣೆಯಿಂದಲೇ ಮನೆ ಬಾಗಿಲು ಒಡೆಸುತ್ತಾರೆ. ಅವನಿಗೆ ರಕ್ಷಣೆ ಉಂಟು. ಅದೇ, ಹೊಡೀತಾರೆ ಅನ್ನುವ ಭಯಕ್ಕೆ, ಅವರು ಎಂಥವರು ಅಂತ ಗೊತ್ತಿದ್ದೂ ಗುಂಪು ಸೇರಿದವನಿಗೆ ಇಲ್ಲ. ನ್ಯಾಯ ಅಲ್ವಾ?

ಇನ್ನು ಕೊಲೆಗೆ ಈ ನೆಪ ನಡೆಯುವುದೇ ಇಲ್ಲ. ದೇಶದ ವಿರುದ್ಧದ, ಮರಣದಂಡನೆ ಇರುವ ಅಪರಾಧಗಳಿಗೂ ಅಷ್ಟೇ. ತಲೆಗೆ ಗನ್ ಇಟ್ಟು ಇನ್ನೊಬ್ಬರನ್ನು ಕೊಲ್ಲಿಸಿದರೂ ಕೊಂದವರು ಕೋರ್ಟಿನಲ್ಲಿ ಈ ಸೆಕ್ಷನ್ ಹಿಡಿದು ಪಾರಾಗುವಂತಿಲ್ಲ.