ಮಕ್ಕಳಿಗೆ ಕೆಳಗಿನ ಇಳಿಜಾರೇ ಸಾಕು

ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗಿ ಗೊಂಡೋಲಾದ (ಬೆಟ್ಟ ಹತ್ತಿಸುವ ಕೇಬಲ್ ಕಾರಿನ) ಎರಡನೇ ಹಂತ ಹತ್ತದಿದ್ದರೆ ಪ್ರವಾಸವೇ ದಂಡ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸ್ಕೀ ಕಲಿಸಲು ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ದಯವಿಟ್ಟು ಈ ಮಾತು ಹೇಳಬೇಡಿ. ಊರು ಇರುವುದೇ ಸುಮಾರು 2,650 ಮೀಟರ್ ಎತ್ತರದಲ್ಲಿ. ಎರಡನೇ ಹಂತ ಅಫರ್ವಾತ್ ಬೆಟ್ಟದಲ್ಲಿ 3,900 ಮೀಟರ್‌ಗೂ ಮೇಲಕ್ಕೆ ಒಯ್ಯುತ್ತದೆ. ಬೆಂಗಳೂರಿನಿಂದ ಹೋದ ಮರುದಿನವೇ ಹತ್ತಿದೆವು. ಎಂಟು ವರ್ಷದ ಮಗಳಿಗೆ ತಲೆನೋವು, ವಾಂತಿ. ಒಂದಿಡೀ ದಿನ ಹೋಟೆಲಿನ ಕಂಬಳಿಯೊಳಗೇ ಕಳೆಯಿತು. ಆ ಎತ್ತರದಿಂದ ಸ್ಕೀ ಮಾಡುತ್ತಾ ಇಳಿಯುವುದು ಚೆನ್ನಾಗಿ ಪಳಗಿದವರ ಕೆಲಸ, ಹಿಮಕುಸಿತದ ಭಯವೂ ಇದೆ.

ಅವಳು ಕಲಿತದ್ದು ಊರ ಮಗ್ಗುಲಲ್ಲೇ ಇರುವ ಸಣ್ಣ ಇಳಿಜಾರಿನಲ್ಲಿ. ಕಾಲಿಗೆ ಕಟ್ಟಿದ ಸ್ಕೀ ಹಲಗೆಗಳ ಮೂತಿ ಹತ್ತಿರ ತಂದು, ಹಿಂಬದಿ ಅಗಲಿಸಿ ವೇಗ ತಗ್ಗಿಸುವುದನ್ನು ಕಲಿಸುವವರು ಬಗ್ಗಿ ಬಗ್ಗಿ ತೋರಿಸಿದರು. ಮೂರನೇ ದಿನ ಯಾರೂ ಹಿಡಿಯದೆ ಜಾರಿ ಬಂದು, ನನ್ನ ಮುಂದೆ ತಾನೇ ನಿಂತಳು. ಆ ಮುಖ ನೋಡಬೇಕಿತ್ತು!

ಇನ್ನೊಂದು, ಉಣ್ಣೆ ಗ್ಲೌಸ್ ಸಾಕು ಅಂದಿದ್ದೀರಲ್ವಾ? ಸಾಲದು. ನಾಲ್ಕು ಸಲ ಬಿದ್ದೆದ್ದರೆ ನೆನೆದು ಬೆರಳು ಮರಗಟ್ಟುತ್ತದೆ. ನೀರು ಇಳಿಯದ ಗ್ಲೌಸ್ ಎರಡು ಜೊತೆ ಇಟ್ಟುಕೊಳ್ಳಿ.