ಸ್ವಲ್ಪವೇ ಹಾಕಿದ್ದೇವೆ ಅಕ್ಕಾ

‘ಸ್ವಲ್ಪ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಈಗ ನನಗೆ ಮೈಯೆಲ್ಲ ಉರಿಯುತ್ತದೆ.

ಮಗನಿಗೆ ಒಂಬತ್ತು ವರ್ಷ. ಶೇಂಗಾ ಮೈಗಾಗುವುದಿಲ್ಲ, ಜೀವಕ್ಕೇ ಕುತ್ತಾಗುವಷ್ಟು ಅಲರ್ಜಿ. ಹುಬ್ಬಳ್ಳಿ-ಧಾರವಾಡದಲ್ಲಿದ್ದು ಶೇಂಗಾ ಬಿಡುವುದೆಂದರೇನು ಎಂದು ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಎಣಗಾಯಿಗೆ ಶೇಂಗಾ ಪುಡಿ, ರೊಟ್ಟಿಗೆ ಶೇಂಗಾ ಹಿಂಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ, ಪಂಚಮಿಗೆ ಶೇಂಗಾ ಉಂಡೆ. ಇವನ್ನೆಲ್ಲ ದೂರ ಇಟ್ಟು ವರ್ಷಗಳಾದವು. ಕಣ್ಣಿಗೆ ಕಾಣುವ ಶೇಂಗಾದ ಮೇಲೆ ನನಗೇನೂ ಸಿಟ್ಟಿಲ್ಲ. ಕಾಣದಂತೆ ರುಬ್ಬಿ ಹಾಕುತ್ತಾರಲ್ಲ, ಅವರ ಮೇಲಿದೆ.

ಕಳೆದ ತಿಂಗಳು ಹುಬ್ಬಳ್ಳಿಯ ಒಂದು ಹೋಟೆಲಿನಲ್ಲಿ ಇಡ್ಲಿ ಹೇಳಿದೆವು. ಕುಳಿತುಕೊಳ್ಳುವ ಮೊದಲೇ ಕೇಳಿದೆ: “ಚಟ್ನಿಗೆ ಶೇಂಗಾ ಹಾಕಿದ್ದೀರಾ?” “ಇಲ್ಲ ಅಕ್ಕಾ, ಕಾಯಿ ಚಟ್ನಿ.” ಇನ್ನೊಮ್ಮೆ ಕೇಳಿದ್ದಕ್ಕೆ ತಟ್ಟೆ ತಂದ ಹುಡುಗ ನನ್ನನ್ನು ಜಗಳಗಂಟಿಯೆಂಬಂತೆ ನೋಡಿದ.

ಎರಡನೇ ತುತ್ತಿಗೇ ಮಗ ತುಟಿ ಉಜ್ಜಿಕೊಳ್ಳತೊಡಗಿದ. ಕುತ್ತಿಗೆಯ ಮೇಲೆ ದದ್ದು ಎದ್ದವು, ಒಣ ಕೆಮ್ಮು ಹತ್ತಿತು, ಆಮೇಲೆ “ಅಮ್ಮಾ” ಎಂದ ದನಿ ಅವನದಾಗಿರಲೇ ಇಲ್ಲ. ಹೊರದೇಶಗಳಲ್ಲಿ ಪೆನ್ನಿನಂಥದ್ದೊಂದನ್ನು ತೊಡೆಗೆ ಒತ್ತಿದರೆ ಔಷಧಿ ಒಳಗೆ ಇಳಿಯುತ್ತದೆ. ಇಲ್ಲಿ ಔಷಧಿ ಅಂಗಡಿಯಲ್ಲಿ ಅದನ್ನು ಕೇಳಿದರೆ ಮುಖ ನೋಡುತ್ತಾರೆ. ನನ್ನ ಚೀಲದಲ್ಲಿರುವುದು ಅದೇ ಔಷಧಿ, ಅಂದರೆ ಅಡ್ರಿನಲಿನ್, ತುಂಬಿದ ಪುಟ್ಟ ಗಾಜಿನ ಆಂಪ್ಯೂಲ್, ಒಂದು ಸಿರಿಂಜ್. ಆಂಪ್ಯೂಲಿನ ಕತ್ತು ಮುರಿಯುವಾಗ ಹೆಬ್ಬೆರಳು ಕೊಯ್ದುಕೊಂಡಿತು. ಡಾಕ್ಟರ್ ಗುರುತು ಹಾಕಿ ತೋರಿಸಿದ್ದ ಗೆರೆಯವರೆಗೆ ಔಷಧಿ ಎಳೆದು, ಸಾಂಬಾರಿನ ಬಟ್ಟಲು ಅತ್ತ ಸರಿಸಿ, ಮಗನ ತೊಡೆಯ ಹೊರಬದಿಗೆ ಚುಚ್ಚಿದೆ. ಪಕ್ಕದ ಮೇಜಿನ ಹಿರಿಯರು “ಪಿತ್ತ ಎದ್ದಿದೆ, ನೀರು ಕುಡಿಸು ತಂಗಿ” ಎನ್ನುತ್ತಿದ್ದರು. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಇಳಿದದ್ದು ಮತ್ತೆ ಮರುಕಳಿಸಬಹುದೆಂದು ರಾತ್ರಿಯವರೆಗೆ ಅಲ್ಲಿಯೇ ಇರಿಸಿಕೊಂಡರು.

ಮರುದಿನ ಹೋಟೆಲಿಗೆ ಹೋದೆ. ಗಲ್ಲಾದಲ್ಲಿ ಕುಳಿತ ಮಾಲೀಕರು ಚಿಲ್ಲರೆ ಎಣಿಸುತ್ತಲೇ ಹೇಳಿದರು: “ಕಾಯಿ ಬಹಳ ತುಟ್ಟಿಯಾಗಿದೆ. ಎಲ್ಲರೂ ಹಾಕುತ್ತಾರೆ. ನಾವು ಸ್ವಲ್ಪವೇ ಹಾಕಿದ್ದೇವೆ ಅಕ್ಕಾ.”

ಸ್ವಲ್ಪವಂತೆ! ಶೇಂಗಾ ರುಬ್ಬಿದ ಜಾರನ್ನು ಸರಿಯಾಗಿ ತೊಳೆಯದೆ ಅದರಲ್ಲೇ ಕಾಯಿ ರುಬ್ಬಿದರೂ ನನ್ನ ಮಗನಿಗೆ ಸಾಕು. ಹಾಕಬೇಡಿ ಎಂದು ನಾನು ಹೇಳಲೇ ಇಲ್ಲ. ಹಾಕಿದ್ದನ್ನು ಬಾಗಿಲ ಹಲಗೆಯ ಮೇಲೆ ಬರೆಯಿರಿ ಎಂದು ಬೇಡಿಕೊಂಡೆ. “ಆಗಲಿ” ಎಂದರು.

ಕಾನೂನನ್ನಾದರೂ ನಂಬೋಣವೆಂದರೆ ಅದರದೂ ಅರ್ಧ ಮನಸ್ಸು. 2020ರ ಲೇಬಲ್ ನಿಯಮಗಳ ಪ್ರಕಾರ ಶೇಂಗಾ, ಹಾಲು, ಮೊಟ್ಟೆ, ಮೀನು, ಸೋಯಾ, ಗೋಧಿಯಂಥವು ಇದ್ದರೆ ಪೊಟ್ಟಣದ ಮೇಲೆ ಬರೆಯಲೇಬೇಕು. ಆದರೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರೆದರೆ ಮುಗಿಯಿತು. ಕನ್ನಡ ಕಂಪನಿಯವರ ಮರ್ಜಿ. ನಮ್ಮ ಅತ್ತೆ ಪತ್ರಿಕೆಯನ್ನು ಟೆಂಡರ್ ಜಾಹೀರಾತೂ ಬಿಡದೆ ಓದುವವರು. ಮೊಮ್ಮಗನಿಗೆ ಬಿಸ್ಕತ್ತು ಕೊಡಬೇಕಾದರೆ ಮಾತ್ರ ಪೊಟ್ಟಣ ಹಿಡಿದುಕೊಂಡು ಪಕ್ಕದ ಮನೆಯ ಕಾಲೇಜು ಹುಡುಗಿಯನ್ನು ಕರೆಯಬೇಕು. ಅವಳೋ ಮೊಬೈಲಿನಲ್ಲಿ ಫೋಟೊ ತೆಗೆದು, ಹಿಗ್ಗಿಸಿ ಓದಬೇಕು. ಅಷ್ಟು ದೊಡ್ಡ ಅಕ್ಷರ!

ಮೆನುವಿನಲ್ಲಿ ಅಲರ್ಜಿಯ ವಿವರ ಕೊಡಬೇಕೆಂಬ ನಿಯಮ ಇರುವುದು ಕೇಂದ್ರದ ಪರವಾನಗಿ ಪಡೆದವರಿಗೆ, ಹತ್ತು ಅಥವಾ ಹೆಚ್ಚು ಕಡೆ ಶಾಖೆ ಇರುವವರಿಗೆ. ನಮ್ಮ ಖಾನಾವಳಿ, ಇಡ್ಲಿ ಹೋಟೆಲು, ಗಿರಮಿಟ್ಟಿನ ಗಾಡಿ ಯಾವುದೂ ಆ ಲೆಕ್ಕಕ್ಕೆ ಬರುವುದಿಲ್ಲ. ಬಿಡಿ ಮಿಠಾಯಿಯ ತಟ್ಟೆಗಳಿಗೆ 2020ರ ಅಕ್ಟೋಬರಿನಲ್ಲಿ ‘ಇಂಥ ದಿನದೊಳಗೆ ತಿನ್ನಿ’ ಎಂಬ ಚೀಟಿ ಬಂತು. ಅದರಲ್ಲಿ ಇನ್ನೊಂದು ಸಾಲಿಗೆ ಧಾರಾಳ ಜಾಗವಿದೆ, ಬರೆಯುವವರಿಲ್ಲ. ಮೇಲೆ ಉದುರಿಸಿದ ಹಸಿರು ಚೂರು ಪಿಸ್ತಾವೋ ಬಣ್ಣ ಹಚ್ಚಿದ ಶೇಂಗಾವೋ, ಆ ಸಿದ್ಧಾರೂಢರೇ ಹೇಳಬೇಕು.

ಇನ್ನು ಬಂಧುಗಳ ವೈದ್ಯಕೀಯ ಸಲಹೆ: “ದಿನಕ್ಕೊಂದು ಕಾಳು ತಿನ್ನಿಸು, ರೂಢಿಯಾಗುತ್ತದೆ.” ಇವರಿಗೆ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ.

ಮೊನ್ನೆ ಬಸ್ಸಿನ ಕಿಟಕಿಯಿಂದ ಆ ಹೋಟೆಲಿನ ಹಲಗೆ ಕಂಡಿತು. ಇಡ್ಲಿಗೆ ಐದು ರೂಪಾಯಿ ಏರಿಸಿದ್ದನ್ನು ಹೊಸ ಬಣ್ಣದಲ್ಲಿ ದಪ್ಪಗೆ ಬರೆಸಿದ್ದಾರೆ. ಅದರ ಕೆಳಗೆ ಹಳೆಯ ಬಣ್ಣದಲ್ಲಿ ಹಾಗೆಯೇ ಇದೆ: ಕಾಯಿ ಚಟ್ನಿ.