ಮೂವತ್ತೊಂದನೇ ಮಗುವಿನ ಬೆಲೆ ಹದಿನೈದು ಸಾವಿರ

ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳು ಜೂನ್‌ನಿಂದ ಫೆಬ್ರವರಿವರೆಗೆ ಸಾಧಿಸಿದ್ದಕ್ಕಿಂತ ಜಾಸ್ತಿ ಪ್ರಗತಿಯನ್ನು ಮಾರ್ಚ್ ಕೊನೆಯ ಹತ್ತು ದಿನದಲ್ಲಿ ಸಾಧಿಸುತ್ತವೆ. ಅನುದಾನದ ಕೊನೇ ಕಂತಿಗೆ ಜ್ಞಾನೋದಯ ಆಗುವುದು ಆಗಲೇ. ಕಂತು ಬಂತು ಅಂದರೆ ದುಡ್ಡು ಬಂತು ಅಂತಲ್ಲ. 2021ರಿಂದೀಚೆಗೆ ಶಾಲೆಯದ್ದು ಶೂನ್ಯ ಬ್ಯಾಲೆನ್ಸಿನ ಖಾತೆ. ದುಡ್ಡೆಲ್ಲ ಮೇಲೆ ಒಂದೇ ದೊಡ್ಡ ಖಾತೆಯಲ್ಲಿ ಕೂತಿರುತ್ತದೆ. ಕೆಳಗೆ ಇಳಿಯುವುದು 'ಲಿಮಿಟ್' ಮಾತ್ರ. ಅಂದರೆ, ಇಷ್ಟು ಖರ್ಚು ಮಾಡ್ಕೊಳ್ಳಿ ಅನ್ನುವ ಭರವಸೆ. 31ನೇ ತಾರೀಕು ದಾಟಿದರೆ ಆ ಭರವಸೆಯೂ ಮಾಯ.

ಹಾಗಾಗಿ ಹೆಚ್‌ಎಂ, ಅಂದರೆ ಮುಖ್ಯ ಶಿಕ್ಷಕರು, ಓಡುತ್ತಾರೆ. ಮೂರು ಕೊಟೇಶನ್ ಬೇಕು. ಮೂರೂ ಕೊಟೇಶನ್ ಒಂದೇ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತವೆ, ಲೆಟರ್‌ಹೆಡ್ ಮಾತ್ರ ಬೇರೆ ಬೇರೆ. ಪಾಪ, ಅಂಗಡಿಯವರಿಗೂ ಇದು ವರ್ಷಾವಧಿ ಹಬ್ಬ. ಬಕೆಟ್ಟು, ಡಸ್ಟರು, ಗೋಡೆ ಗಡಿಯಾರ, ಒಂದು ಬೀರು. ಎಸ್‌ಡಿಎಂಸಿ, ಅಂದರೆ ಪೋಷಕರ ಶಾಲಾ ಸಮಿತಿಯ ಅಧ್ಯಕ್ಷರನ್ನು ಗಾರೆ ಕೆಲಸದಿಂದ ಕರೆಸಿ ಸಹಿ ಹಾಕಿಸಬೇಕು. ಬೀರುವಿನ ಪಕ್ಕ ನಿಂತು ಫೋಟೋ. ದುಡ್ಡು ಬಳಸಿದ ಪ್ರಮಾಣಪತ್ರ, ಅಂದರೆ ಯುಸಿ, ಮೇಲಕ್ಕೆ ಹೋಯಿತು, ಪ್ರಗತಿ ಮುಗಿಯಿತು. ಸಂಜೆ ಹೊತ್ತಿಗೆ ಶೈಕ್ಷಣಿಕ ಜಿಲ್ಲೆಯ ಪಟ್ಟಿಯಲ್ಲಿ 'ಶೇಕಡಾ 100 ಬಳಕೆ' ಅಂತ ಹಸಿರು ಬಣ್ಣ. ಇಷ್ಟು ಶಿಸ್ತು ನಮ್ಮ ರಸ್ತೆ ಗುಂಡಿ ಮುಚ್ಚುವವರಿಗೂ ಇರಬಾರದಿತ್ತೇ?

ಈಗ ಮೊತ್ತಕ್ಕೆ ಬರೋಣ. ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯ ಲೆಕ್ಕದಲ್ಲಿ ಶಾಲೆಯ ವಾರ್ಷಿಕ ಸಂಯುಕ್ತ ಅನುದಾನ ಮಕ್ಕಳ ತಲೆ ಎಣಿಸಿ ಬರುತ್ತದೆ. 30 ಮಕ್ಕಳ ತನಕ 10,000 ರೂಪಾಯಿ. 31ರಿಂದ 100ರ ತನಕ 25,000. 250ರ ತನಕ 50,000. ಅಲ್ಲಿಂದ ಸಾವಿರ ಮಕ್ಕಳ ತನಕ 75,000. ಸಾವಿರ ಮಕ್ಕಳಿರುವ ಶಾಲೆಯಲ್ಲಿ ತಲೆಗೆ ವರ್ಷಕ್ಕೆ 75 ರೂಪಾಯಿ ಬಿತ್ತು, ಒಂದು ಮಸಾಲೆ ದೋಸೆ. ಅಷ್ಟರಲ್ಲೇ ಚಾಕ್‌ಪೀಸು, ಆಟದ ಸಾಮಾನು, ಪಾಠದ ಸಾಮಗ್ರಿ, ಇಂಟರ್‌ನೆಟ್ಟು, ಕೆಟ್ಟುಹೋದ ವಸ್ತು ಬದಲಾಯಿಸುವುದು ಎಲ್ಲ ಆಗಬೇಕು. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಉಚಿತ ಅಂತ ಘೋಷಣೆ ಆಯಿತು. ಅದಕ್ಕೂ ಮುಂಚೆ ಆ ಬಿಲ್ಲೂ ಇದರಲ್ಲೇ. ಎಲ್‌ಕೆಜಿ ಫೀಸು ಲಕ್ಷ ದಾಟುವ ಊರು ಈ ಬೆಂಗಳೂರು. ಮೂವತ್ತು ಮಕ್ಕಳ ಇಡೀ ಶಾಲೆಗೆ ದಿನಕ್ಕೆ 27 ರೂಪಾಯಿ ಅಂದರೆ, ಸರಳ ಜೀವನಕ್ಕೆ ಇದಕ್ಕಿಂತ ಮಾದರಿ ಬೇಕೇ?

ಆದರೆ ನನಗೆ ತುಂಬ ಇಷ್ಟವಾಗಿದ್ದು ಆ ಮೂವತ್ತೊಂದನೇ ಮಗು. ಅದು ಬಂದು ಬೆಂಚಿನ ಮೇಲೆ ಕೂತ ತಕ್ಷಣ ಹತ್ತು ಸಾವಿರ ಇಪ್ಪತ್ತೈದು ಸಾವಿರ ಆಗುತ್ತದೆ. ಅಂದರೆ ಆ ಮಗು ಒಂದರ ಬೆಲೆ 15,000. ಮೊದಲ ಮೂವತ್ತು ಮಕ್ಕಳು ತಲೆಗೆ 333 ರೂಪಾಯಿ ಬಾಳುತ್ತಿದ್ದವು, ಪಾಪ. ನೂರ ಒಂದನೇ ಮಗುವಂತೂ ರಾಜಕುಮಾರ, 25,000!

ಈ ಮೂವತ್ತೊಂದನೇ ಮಗು ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ? ಅಪಾರ್ಟ್‌ಮೆಂಟ್ ಏಳುತ್ತಿರುವ ಕಡೆ ತಗಡಿನ ಶೆಡ್‌ಗಳಲ್ಲಿ. ಅಪ್ಪ ಅಮ್ಮ ಯಾದಗಿರಿಯವರೋ ರಾಯಚೂರಿನವರೋ ಆಗಿರುತ್ತಾರೆ. ಟೀಚರು ಜೂನ್‌ನಲ್ಲಿ ಶೆಡ್ ಶೆಡ್ ಸುತ್ತಿ, 'ಕಳಿಸ್ರೀ ಅಮ್ಮ, ಊಟ ಹಾಕ್ತೀವಿ, ಮೊಟ್ಟೆ ಕೊಡ್ತೀವಿ, ಹಾಲು ಕೊಡ್ತೀವಿ' ಅಂತ ಕರೆದುಕೊಂಡು ಬಂದಿರುತ್ತಾರೆ. ಬಂದ ಮೇಲೆ ಶುರು ನೋಡಿ. ಮಗು ಊರಿನ ಶಾಲೆಯಲ್ಲಿ ಇನ್ನೂ 'ಇದೆ'. ಮಕ್ಕಳ ದಾಖಲಾತಿ ಇಡುವ ಸ್ಯಾಟ್ಸ್ ತಂತ್ರಾಂಶದಲ್ಲಿ ಆ ಶಾಲೆಯವರು ಬಿಡುಗಡೆ ಮಾಡುವ ತನಕ ಈ ಶಾಲೆಯಲ್ಲಿ ಅದು ಇಲ್ಲ. ಆ ಶಾಲೆಯ ಹೆಚ್‌ಎಂ ಯಾಕೆ ಬಿಡುತ್ತಾರೆ? ಅವರಿಗೂ ಅದು ಮೂವತ್ತೊಂದನೆಯದೇ ಆಗಿದ್ದರೆ? ಹೀಗೆ ಮಗು ಇಲ್ಲಿ ಕೂತು ಮಗ್ಗಿ ಹೇಳುತ್ತಿರುತ್ತದೆ, ಹಾಜರಿ ಮಾತ್ರ ಸುರಪುರದ ಕಡೆ ಎಲ್ಲೋ ಓಡಾಡುತ್ತಿರುತ್ತದೆ.

ಅದೂ ಬಗೆಹರಿಯಿತು ಅಂದುಕೊಳ್ಳಿ. ಇನ್ನೊಂದು ಗಂಡಾಂತರ ಇದೆ, ಸೆಪ್ಟೆಂಬರ್ 30. ಯು-ಡೈಸ್, ಅಂದರೆ ಶಾಲೆಗಳ ರಾಷ್ಟ್ರೀಯ ಅಂಕಿಅಂಶದ ಲೆಕ್ಕಕ್ಕೆ ದೇಶವೆಲ್ಲ ಹಿಡಿಯುವ ದಿನಾಂಕ ಅದು. ಆ ದಿನ ಮಗು ಇರಬೇಕು. ಮಗು ಇರಬೇಕಾದರೆ ಅಪ್ಪ ಅಮ್ಮ ಇರಬೇಕು. ಅವರು ಇರಬೇಕಾದರೆ ಕಟ್ಟಡ ಮುಗಿಯಬಾರದು. ಹಾಗಾಗಿ ಬೆಂಗಳೂರಿನಲ್ಲಿ ಫ್ಲಾಟ್ ಬುಕ್ ಮಾಡಿದವರೆಲ್ಲ ಬೇಗ ಮುಗೀಲಿ ಅಂತ ರೇರಾಕ್ಕೆ ದೂರು ಕೊಡುತ್ತಿರುವಾಗ, ಪಕ್ಕದ ಸರ್ಕಾರಿ ಶಾಲೆಯ ಹೆಚ್‌ಎಂ ಒಬ್ಬರು ಮಾತ್ರ 'ಸ್ವಾಮಿ, ಇನ್ನೊಂದು ಮಹಡಿ ಏರಿಸಪ್ಪಾ' ಅಂತ ಬಿಲ್ಡರ್ ಪರವಾಗಿ ದೇವರಿಗೆ ಕೈ ಮುಗಿಯುತ್ತಿರುತ್ತಾರೆ. ಸಿಮೆಂಟ್ ಲಾರಿ ತಡವಾದರೆ ಅವರಿಗೆ ಸಮಾಧಾನ. ಮೂರನೇ ಮಹಡಿಗೆ ಟೈಲ್ಸ್ ಬಂತು ಅಂದರೆ ಎದೆ ಡವಡವ. ಪುಣ್ಯಕ್ಕೆ ಈ ಊರಿನ ಬಿಲ್ಡರುಗಳು ಹೇಳಿದ ಟೈಮಿಗೆ ಮುಗಿಸುವ ಪೈಕಿ ಅಲ್ಲ. ಸರ್ಕಾರಿ ಶಾಲೆಗಳಿಗೆ ಅವರು ಮಾಡಿರುವ ಈ ಉಪಕಾರವನ್ನು ಯಾರೂ ಗುರುತಿಸಿಲ್ಲ, ಒಂದು ಶಾಲು ಹೊದಿಸಬೇಕಿತ್ತು.

ಶೈಕ್ಷಣಿಕ ಜಿಲ್ಲೆಯ ಪಟ್ಟಿ ಅಂದೆನಲ್ವಾ, ಯಾವ ಜಿಲ್ಲೆ ಅಂತ ಕೇಳಬೇಡಿ. ನಮ್ಮ ನಗರಕ್ಕೆ ಬೆಂಗಳೂರು ಉತ್ತರ, ಬೆಂಗಳೂರು ದಕ್ಷಿಣ ಅಂತ ಎರಡು ಶೈಕ್ಷಣಿಕ ಜಿಲ್ಲೆ. ದಕ್ಷಿಣ ಅನ್ನುವ ಲೋಕಸಭಾ ಕ್ಷೇತ್ರ ಬೇರೆ, ತಾಲ್ಲೂಕು ಬೇರೆ. 2025ರಲ್ಲಿ ಬಿಬಿಎಂಪಿ ಒಡೆದು ಐದು ಪಾಲಿಕೆ ಆದಾಗ ದಕ್ಷಿಣ ಪಾಲಿಕೆಯೂ ಹುಟ್ಟಿತು. ಸಾಲದು ಅಂತ ಅದೇ ವರ್ಷ ರಾಮನಗರ ಜಿಲ್ಲೆಗೂ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು. ಶಾಲೆ ಸೋರುತ್ತಿದೆ ಅಂತ ದಕ್ಷಿಣಕ್ಕೆ ಪತ್ರ ಬರೆದರೆ ಅದು ಐದು ಕಡೆ ತಿರುಗಾಡಿಕೊಂಡು ಬರಬಹುದು. ಅಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ, ಸಮಸ್ಯೆ ತಾನಾಗೇ ಬಗೆಹರಿದ ಹಾಗೆ.

ಇನ್ನು ದಾನಿಗಳು. 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದಲೇ ತಿಂಗಳಿಗೆ ನೂರು ರೂಪಾಯಿ ದೇಣಿಗೆ ತಗೊಳ್ಳಿ ಅಂತ ಸುತ್ತೋಲೆ ಬಂದು, ಗಲಾಟೆ ಆಗಿ, ನಾಲ್ಕೇ ದಿನಕ್ಕೆ ವಾಪಸ್ ಹೋದದ್ದು ನೆನಪಿರಬೇಕು. ಆಮೇಲೆ ಉಳಿದವರು ಐಟಿ ಕಂಪನಿಯವರು. ಶನಿವಾರ ಬಸ್ಸಿನಲ್ಲಿ ಬರುತ್ತಾರೆ, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್. ಗೋಡೆಗೆ ಬಣ್ಣ ಹೊಡೆಯುತ್ತಾರೆ, ಜಿರಾಫೆ, ಆನೆ, ಸೌರಮಂಡಲ ಬರೆಯುತ್ತಾರೆ. ರಸ್ತೆಗೆ ಕಾಣುವ ಗೋಡೆಯೇ ಬೇಕು, ಹಿಂದಿನ ಗೋಡೆ ಯಾರಿಗೂ ಬೇಡ. ಮುಂದಿನ ವರ್ಷ ಇನ್ನೊಂದು ಕಂಪನಿ ಬಂದು ಆ ಜಿರಾಫೆ ಅಳಿಸಿ ಹೊಸ ಜಿರಾಫೆ ಬರೆಯುತ್ತದೆ. ನಿಮಗೆ ಏನು ಬೇಕು ಮೇಡಂ ಅಂತ ವಿನಯದಿಂದಲೇ ಕೇಳುತ್ತಾರೆ. ಶೌಚಾಲಯ ತೊಳೆಯುವುದಕ್ಕೆ ಒಬ್ಬ ಆಯಾ ಬೇಕಿತ್ತು, ತಿಂಗಳ ಸಂಬಳ ಕೊಡ್ತೀರಾ ಅಂದರೆ, ಅದಕ್ಕೆ ನಮ್ಮ ಪಾಲಿಸಿಯಲ್ಲಿ ಅವಕಾಶ ಇಲ್ಲ ಅಂತ ಮುಗುಳ್ನಗುತ್ತಾರೆ. ಸ್ಮಾರ್ಟ್ ಟಿವಿ ಕೊಡಬಹುದಂತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಶೌಚಾಲಯದ ಮಾತು ಬಂತು, ಹೇಳಿಬಿಡುತ್ತೇನೆ. ಆ ಹತ್ತು ಸಾವಿರದಲ್ಲಿ ಕನಿಷ್ಠ ಹತ್ತು ಪರ್ಸೆಂಟ್ ಸ್ವಚ್ಛತೆಗೆ ಅಂತ ನಿಯಮ. ಅಂದರೆ ವರ್ಷಕ್ಕೆ ಸಾವಿರ, ತಿಂಗಳಿಗೆ 83 ರೂಪಾಯಿ. ಒಂದು ಬಾಟಲಿ ಫಿನಾಯಿಲ್, ಅದೂ ಚೌಕಾಸಿ ಮಾಡಿದರೆ. ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಜವಾನನನ್ನು ನಾನಂತೂ ಕಂಡಿಲ್ಲ. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಒಂದು ಶಾಲೆಯಲ್ಲಿ ಮಕ್ಕಳ ಕೈಯಲ್ಲಿ ಶೌಚಾಲಯ ತೊಳೆಸಿದ ವಿಡಿಯೋ ಬಂದಾಗ ನಾವೆಲ್ಲ ಕೆರಳಿದೆವು, ಕೆರಳಲೇಬೇಕಿತ್ತು. ಮುಖ್ಯ ಶಿಕ್ಷಕಿ ಅಮಾನತಾದರು. ಮಕ್ಕಳ ಕೈಗೆ ಪೊರಕೆ ಕೊಟ್ಟದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೂರಾರು ಮಕ್ಕಳು ಬಳಸುವ ಶೌಚಾಲಯವನ್ನು ದಿನಾ ಯಾರು ತೊಳೆಯಬೇಕು, ಅವರಿಗೆ ಯಾರು ಸಂಬಳ ಕೊಡಬೇಕು ಅಂತ ಬರೆಯದೆ ಬಜೆಟ್ ಮಾಡಿದವರು ಯಾರೂ ಅಮಾನತಾಗಲಿಲ್ಲ. ಇದರಲ್ಲಿ ತಮಾಷೆ ಮಾಡುವುದಕ್ಕೆ ನನಗೆ ಏನೂ ಸಿಗುತ್ತಿಲ್ಲ. ಹೆಣ್ಣುಮಕ್ಕಳು ಬೆಳಗ್ಗೆಯಿಂದ ನೀರು ಕುಡಿಯದೆ ಕೂರುತ್ತಾರೆ, ಅಷ್ಟೇ.

ಕಲಿಕೆಯ ಪ್ರಗತಿ ಏನಾಯಿತು ಅಂತೀರಾ? ಅದಕ್ಕೆ ಟೀಚರು ಕ್ಲಾಸಿನಲ್ಲಿ ಇರಬೇಕಲ್ಲ. ಒಂದು, ಎರಡು, ಮೂರನೇ ಕ್ಲಾಸನ್ನು ಒಟ್ಟಿಗೆ ಕೂರಿಸಿ, ಚಟುವಟಿಕೆಯಿಂದ ಕಲಿಸುವ ನಲಿಕಲಿ ನಡೆಸುತ್ತಿರುವಾಗಲೇ ವಾಟ್ಸಾಪ್ ಗುಂಪಿನಲ್ಲಿ ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಿಬ್ಬಂದಿಯ ಮೆಸೇಜು: 'ಅತಿ ತುರ್ತು. ಮಧ್ಯಾಹ್ನ 12ರೊಳಗೆ ಕಡ್ಡಾಯ.' ಎಷ್ಟು ಮಕ್ಕಳು ಮೊಟ್ಟೆ ತಿಂದರು, ಎಷ್ಟು ಮಕ್ಕಳು ಬಾಳೆಹಣ್ಣು ತಿಂದರು, ತುಂಬಿ. ಜನಗಣತಿ, ವಿಪತ್ತು, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಅನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಬಂತು, ದಸರಾ ರಜೆ ಅಕ್ಟೋಬರ್ 18ರ ತನಕ ಬೆಳೆಯಿತು. ಶೈಕ್ಷಣಿಕ ಸಮೀಕ್ಷೆ ನಡೆಯಲಿ ಅಂತ ಶಿಕ್ಷಣವೇ ರಜೆ ಹಾಕಿತು. ಟೀಚರುಗಳು ಅಪಾರ್ಟ್‌ಮೆಂಟ್ ಗೇಟಿನಲ್ಲಿ ಸೆಕ್ಯುರಿಟಿಯವರ ರಿಜಿಸ್ಟರ್‌ಗೆ ಸಹಿ ಹಾಕಿ, ಅರವತ್ತು ಪ್ರಶ್ನೆ ಹಿಡಿದುಕೊಂಡು ಲಿಫ್ಟ್ ಕಾಯುತ್ತಾ ನಿಂತರು. ಆ ಕ್ಲಾಸುಗಳನ್ನು ಆಮೇಲೆ ಮಾಡಿ ಸರಿದೂಗಿಸಿ ಅಂದರು. ಮಕ್ಕಳು ಓದಿನಲ್ಲಿ ಹಿಂದೆ ಬಿದ್ದರೆ ನೋಟಿಸು ಯಾರಿಗೆ? ಲಿಫ್ಟಿಗಂತೂ ಅಲ್ಲ.

ಇಷ್ಟೆಲ್ಲ ಆಗಿ ಮಕ್ಕಳು ಕಡಿಮೆಯಾದರೆ ಅನುದಾನ ಕಡಿಮೆ. ಅನುದಾನ ಕಡಿಮೆಯಾದರೆ ಶಾಲೆ ಇನ್ನಷ್ಟು ಸೊರಗುತ್ತದೆ, ಮಕ್ಕಳು ಇನ್ನೂ ಕಡಿಮೆ. ಆಗ ಮೇಲಿನವರು ಬಂದು, ಅಯ್ಯೋ ಇಲ್ಲಿ ಮಕ್ಕಳೇ ಇಲ್ಲವಲ್ಲ ಅಂತ ಆಶ್ಚರ್ಯಪಟ್ಟು, ಹತ್ತಿರದ ಕೆಪಿಎಸ್, ಅಂದರೆ ಕರ್ನಾಟಕ ಪಬ್ಲಿಕ್ ಶಾಲೆಗೆ ಸೇರಿಸುವ ಮಾತಾಡುತ್ತಾರೆ. ಎಲ್‌ಕೆಜಿಯಿಂದ ಪಿಯು ತನಕ ಒಂದೇ ಕಾಂಪೌಂಡು, ಒಳ್ಳೆಯದೇ. ಆ ಕಾಂಪೌಂಡು ಎಲ್ಲಿದೆ ಅನ್ನುವುದೇ ತಕರಾರು. ಐದನೇ ಕ್ಲಾಸಿನ ತನಕ ಮಗುವಿಗೆ ಶಾಲೆ ಒಂದು ಕಿಲೋಮೀಟರ್ ಒಳಗೆ ಇರಬೇಕು ಅಂತ ನಿಯಮ. ಬೆಂಗಳೂರಿನ ಒಂದು ಕಿಲೋಮೀಟರ್ ಒಳಗೆ ಔಟರ್ ರಿಂಗ್ ರೋಡೂ ಬರಬಹುದು. ನಮ್ಮ ಆ ಹದಿನೈದು ಸಾವಿರದ ಮಗು ಆರು ವರ್ಷದ್ದು. ಅಪ್ಪ ಅಮ್ಮ ಎಂಟು ಗಂಟೆಗೇ ಕೆಲಸಕ್ಕೆ ಹತ್ತಿರುತ್ತಾರೆ. ಆ ರಸ್ತೆಯನ್ನು ಮಗು ದಾಟುವುದಿಲ್ಲ. ಶೆಡ್ಡಿನಲ್ಲೇ ತಮ್ಮನನ್ನು ಆಡಿಸಿಕೊಂಡು ಇರುತ್ತದೆ.

ಅದಕ್ಕೂ ಇಲಾಖೆಯಲ್ಲಿ ವ್ಯವಸ್ಥೆ ಇದೆ, ಗಾಬರಿ ಬೇಡ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆ ಅಂತ ಮಾಡುತ್ತಾರೆ. ಮಾಡುವವರು ಅದೇ ಟೀಚರು. ಶಾಲೆ ವಿಲೀನ ಆದಮೇಲೆ ಅವರಿಗೂ ಸ್ವಲ್ಪ ಪುರುಸೊತ್ತು ಇರುತ್ತದಲ್ವಾ.